ಗಾಜರ್ ಗವತ್ ಬೇಡ, ಲಸೂಣ್ ಘಾಸ್ ಸದ್ಯಕ್ಕೆ ಸರಿ: ಪುಣೆಯಲ್ಲಿ ಮೊಲಕ್ಕೆ ಏನು ತಿನ್ನಿಸಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಈಗ ಪುಣೆಯ ವಾಕಡ್‌ನಲ್ಲಿದ್ದೇವೆ. ಮಗಳ ಹಟಕ್ಕೆ ಎರಡು ಮೊಲ ತಂದೆವು. ಅವಕ್ಕೆ ಈಗ ನಾಲ್ಕು ತಿಂಗಳು. ಅಂಗಡಿಯವರು ಕ್ಯಾರೆಟ್ ಮತ್ತು ಪೆಲೆಟ್ (ಗುಳಿಗೆಯಂಥ ಸಿದ್ಧ ಮೇವು) ಸಾಕು ಅಂದರು. ಭಾಜಿ, ಅಂದರೆ ತರಕಾರಿ, ಮಾರುವ ಮಾವಶಿ ಹೂಕೋಸಿನ ಎಲೆ, ಮೂಲಂಗಿ ಸೊಪ್ಪು ಸುಮ್ನೆ ಕೊಡುತ್ತಾರೆ. ನಮ್ಮವರು ಟೇಕಡಿಗೆ, ಅಂದರೆ ಇಲ್ಲಿನ ಗುಡ್ಡಕ್ಕೆ, ವಾಕಿಂಗ್ ಹೋದಾಗ ಹುಲ್ಲು ಕಿತ್ತು ತರುತ್ತಾರೆ. ಸೊಸೈಟಿಯ ಮಾಲಿ ಕಾಂಪೌಂಡ್ ಪಕ್ಕದ 'ಗಾಜರ್ ಗವತ್' ತೋರಿಸಿ, ಮೊಲಕ್ಕೆ ಇದೇ ಚೆನ್ನ ಅಂದ. ಬಾಲ್ಕನಿಯಲ್ಲಿ ತುಳಸಿ, ದಾಸವಾಳ, ಮನಿಪ್ಲಾಂಟ್, ಸದಾಪುಷ್ಪ, ಲೋಳೆಸರ ಇವೆ. ಗಣಪತಿ ಹಬ್ಬ ಹತ್ತಿರ ಬಂತು, ಪೂಜೆಯ ಪತ್ರೆ ಬೇಕಾದಷ್ಟು ಉಳಿಯುತ್ತದೆ. ಯಾವುದು ಕೊಡಬಹುದು, ಯಾವುದು ಬೇಡ? ಒಂದು ಪಟ್ಟಿ ಕೊಟ್ಟರೆ ಫ್ರಿಜ್ ಮೇಲೆ ಅಂಟಿಸುತ್ತೇನೆ.

ಉತ್ತರ: ಗಾಜರ್ ಗವತ್ ಕೊಡಬೇಡಿ. ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಉಳಿದದ್ದು ಆಮೇಲೆ ಓದಿ.

ಅದು ನಮ್ಮ ಕಡೆ ಕಾಂಗ್ರೆಸ್ ಕಸ ಅಂತೀವಲ್ಲ, ಅದೇ ಪಾರ್ಥೇನಿಯಂ. ಎಲೆ ನೋಡಲು ಕ್ಯಾರೆಟ್ ಎಲೆಯ ಹಾಗೆ ಸೀಳಿರುತ್ತದೆ, ಅದಕ್ಕೇ ಮರಾಠಿಯಲ್ಲಿ ಆ ಹೆಸರು. ಭಾರತದಲ್ಲಿ ಇದು ಕಳೆಯಾಗಿ ಮೊದಲು ವರದಿಯಾದದ್ದೂ ಪುಣೆಯಲ್ಲೇ, 1950ರ ದಶಕದ ಮಧ್ಯದಲ್ಲಿ. ಗಿಡದಲ್ಲಿ ಪಾರ್ಥೆನಿನ್ ಅನ್ನುವ ವಿಷವಿದೆ. ಮನುಷ್ಯರಿಗೆ ಮೈಮೇಲೆ ತುರಿಕೆ, ದಮ್ಮು ಬರಿಸುತ್ತದೆ. ದನ ತಿಂದರೆ ಬಾಯಿ ಹುಣ್ಣಾಗುತ್ತದೆ, ಹಾಲು ಕಹಿಯಾಗುತ್ತದೆ. ಒಂದು, ಒಂದೂವರೆ ಕಿಲೋ ತೂಕದ ಮೊಲದ ಗತಿ ಏನು ಅಂತ ನೀವೇ ಯೋಚಿಸಿ. ಮಾಲಿ ಕೆಟ್ಟವನಲ್ಲ, ಹೆಸರು ನಂಬಿದ್ದಾನೆ ಅಷ್ಟೆ. ಇನ್ನೊಂದು ಕಡೆ 'ಲಸೂಣ್ ಘಾಸ್' ಅಂತ ಹೇಳಿದರೆ ಜನ ಹೆದರುತ್ತಾರೆ, ಲಸೂಣ್ ಅಂದರೆ ಬೆಳ್ಳುಳ್ಳಿ, ಅದು ಮೊಲಕ್ಕೆ ವಿಷ ಅಂತ ಎಲ್ಲೋ ಓದಿರುತ್ತಾರೆ. ಆದರೆ ಅದು ಕುದುರೆ ಮೆಂತೆ, ಬೆಳ್ಳುಳ್ಳಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ನಿಮ್ಮ ನಾಲ್ಕು ತಿಂಗಳ ಮರಿಗಳಿಗೆ ಸದ್ಯಕ್ಕೆ ಒಳ್ಳೆಯದೇ. ಪುಣೆಯಂಥ ಊರಿನಲ್ಲಿ ನಾವು ಒಂದು ಹೆಸರು ಹೇಳುತ್ತೇವೆ, ಮಾರುವವರು ಇನ್ನೊಂದು ಹೇಳುತ್ತಾರೆ, ಗೂಗಲ್ ಮೂರನೆಯದು ಹೇಳುತ್ತದೆ. ಆದ್ದರಿಂದ ಪಟ್ಟಿ ಅಂಟಿಸುವ ಮೊದಲು ಗಿಡ ಗುರುತು ಹಿಡಿಯುವುದು ಕಲಿಯಿರಿ. ಎಲೆ, ಹೂವು, ಕಾಂಡ ಮೂರೂ ನೋಡಿ ಖಾತ್ರಿ ಆಗದಿದ್ದರೆ ಆ ಗಿಡ ಮನೆಗೆ ಬರಕೂಡದು.

ಈಗ ನೀವು ಕೇಳದೇ ಇರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಸೊಪ್ಪು ಇದೆ, ಹೂವು ಇದೆ, ಕ್ಯಾರೆಟ್ ಇದೆ, ಹುಲ್ಲು ಮಾತ್ರ ನಿಮ್ಮವರು ನೆನಪಾದಾಗ ಕಿತ್ತು ತರುವ ವಸ್ತು ಆಗಿಬಿಟ್ಟಿದೆ. ಅದು ತಲೆಕೆಳಗು. ಮೊಲಕ್ಕೆ ಹುಲ್ಲು ರೊಟ್ಟಿ ಇದ್ದ ಹಾಗೆ, ಸೊಪ್ಪು ಪಲ್ಯ. ರೊಟ್ಟಿ ಇಲ್ಲದೆ ಬರೀ ಪಲ್ಯ ಹಾಕಿದರೆ ನಡೆಯುವುದಿಲ್ಲ. ಅದು ತಿನ್ನುವುದರಲ್ಲಿ ಶೇಕಡ 80ಕ್ಕಿಂತ ಜಾಸ್ತಿ ಹುಲ್ಲೇ ಇರಬೇಕು, ಹಸಿಯದೋ ಒಣಗಿದ್ದೋ, ಹಗಲು ರಾತ್ರಿ ಮುಂದೆ ಬಿದ್ದಿರಬೇಕು.

ಯಾಕೆ ಅಂದರೆ ಎರಡು ಕಾರಣ. ಮೊದಲನೆಯದು ಹಲ್ಲು. ಮೊಲದ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲನ್ನು ಅಡ್ಡಡ್ಡ ಅರೆದು ಅರೆದು ತಿಂದಾಗ ಅದು ಸವೆಯುತ್ತದೆ. ಪೆಲೆಟ್ಟು ಕಟುಂ ಅಂತ ಮುರಿದು ಹೋಗುತ್ತದೆ, ಕ್ಯಾರೆಟ್ ಕೂಡ ಅಷ್ಟೆ, ಹಿಂದಿನ ದವಡೆ ಹಲ್ಲಿಗೆ ಕೆಲಸವೇ ಇಲ್ಲ. ಆಗ ಅವು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆಗೆ ಚುಚ್ಚುತ್ತವೆ. ಮೊಲ ತಿನ್ನುವುದನ್ನೇ ಬಿಡುತ್ತದೆ, ಮನೆಯವರು 'ಯಾಕೋ ಮುನಿಸಿಕೊಂಡಿದೆ' ಅಂದುಕೊಳ್ಳುತ್ತಾರೆ.

ಎರಡನೆಯದು ಹೊಟ್ಟೆ. ಮೊಲದ ಕರುಳಿನ ಕೊನೆಯ ಭಾಗದಲ್ಲಿ ಸೀಕಂ ಅಂತ ಒಂದು ದೊಡ್ಡ ಚೀಲ ಇದೆ. ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಆ ಚೀಲದಿಂದ ಮೆತ್ತಗಿನ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆ ಬರುತ್ತದೆ. ಮೊಲ ಅದನ್ನು ನೇರ ಬಾಯಿ ಹಾಕಿ ಮತ್ತೆ ತಿನ್ನುತ್ತದೆ. ಹೇಸಿಗೆ ಪಡಬೇಡಿ, ಬೈಯಬೇಡಿ. ಪ್ರೋಟೀನು, ಬಿ ವಿಟಮಿನ್ನು ಅದಕ್ಕೆ ಸಿಗುವ ದಾರಿಯೇ ಅದು. ಈ ಚೀಲಕ್ಕೆ ಸಕ್ಕರೆ, ಹಿಟ್ಟು ಜಾಸ್ತಿ ಹೋದರೆ ಒಳ್ಳೆಯ ಜೀವಿಗಳು ಸತ್ತು ಕೆಟ್ಟವು ಹೆಚ್ಚುತ್ತವೆ, ವಿಷ ಹುಟ್ಟುತ್ತದೆ. ಮರಿಗಳು ಒಂದೇ ದಿನದಲ್ಲಿ ಹೋಗಿಬಿಡುತ್ತವೆ. ಹಾಗಾಗಿ ಬಿಸ್ಕೀಟು, ಚಪಾತಿ, ನೆನೆಸಿದ ಕಡಲೆ, ಅನ್ನ ಯಾವುದೂ ಬೇಡ. ಮನೆಗೆ ಬಂದ ಅಜ್ಜಿ ಪ್ರೀತಿಯಿಂದ ಕೊಡುತ್ತಾರೆ, ಅವರಿಗೆ ಕೊಡಲು ಒಂದು ಕೊತ್ತಂಬರಿ ಕಡ್ಡಿ ಕೈಗೆ ಕೊಟ್ಟುಬಿಡಿ, ಎಲ್ಲರಿಗೂ ಸಮಾಧಾನ.

ಹುಲ್ಲು ಎಲ್ಲಿ ಸಿಗುತ್ತೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆನ್‌ಲೈನ್‌ನಲ್ಲಿ ಟಿಮೊಥಿ ಹುಲ್ಲು ಸಿಗುತ್ತದೆ. ವಿದೇಶದಿಂದ ಬರುವ ಮಾಲು, ದುಬಾರಿ. ಕೈಗೆ ಎಟುಕಿದರೆ ತನ್ನಿ, ಎಟುಕದಿದ್ದರೆ ಅದೇ ಬೇಕು ಅಂತ ಏನಿಲ್ಲ. ದೇವಸ್ಥಾನದ ಮುಂದೆ ಹಸು ಕಟ್ಟಿಕೊಂಡು ಹುಲ್ಲಿನ ಪೆಂಡಿ ಮಾರುವ ಹೆಂಗಸರು ಇರುತ್ತಾರಲ್ಲ, ಅವರ ಹತ್ತಿರ ಹಸಿ ಹುಲ್ಲು ಸಿಗುತ್ತದೆ. ಪೆಂಡಿ ಬಿಚ್ಚಿ ನೋಡಿಯೇ ತಗೊಳ್ಳಿ, ನಡುವೆ ಬೇರೆ ಗಿಡ ಸೇರಿರುತ್ತದೆ. ನೇಪಿಯರ್ ಹುಲ್ಲು, ಗಿನಿ ಹುಲ್ಲು ಎರಡೂ ನಡೆಯುತ್ತವೆ, ದಪ್ಪ ದಂಟು ಬಿಟ್ಟು ಎಲೆ ಕೊಡಿ. ಇನ್ನು ಗರಿಕೆ. ಮರಾಠಿಯವರ ದೂರ್ವಾ. ಮೊಲಕ್ಕೆ ಇದಕ್ಕಿಂತ ಸುರಕ್ಷಿತ ಹಸಿ ಹುಲ್ಲು ನಮ್ಮ ಕಡೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹೂವಿನ ಅಂಗಡಿಯ ಚಿಕ್ಕ ಜೂಡಿ ಹೊಟ್ಟೆ ತುಂಬಿಸಲು ಸಾಲುವುದಿಲ್ಲ. ಆದರೆ ಒಂದು ಅಗಲವಾದ ಟ್ರೇಯಲ್ಲಿ ಬೇರು ಸಮೇತ ಊರಿದರೆ ಬಾಲ್ಕನಿಯಲ್ಲೇ ಹಬ್ಬುತ್ತದೆ. ಎರಡು ಮೂರು ಟ್ರೇ ಮಾಡಿ ಸರದಿಯಲ್ಲಿ ಇಟ್ಟರೆ ಮೊಲವೇ ಮೇದುಕೊಳ್ಳುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಪುಕ್ಕಟೆ ಮಾಲು ಇದೆ. ಖಡಕ್ವಾಸ್ಲಾ, ಸಿಂಹಗಡದ ದಾರಿಯಲ್ಲಿ ಸುಟ್ಟ ಗೋವಿನಜೋಳ ಮಾರುವವರ ಪಕ್ಕ ಹಸಿರು ಸಿಪ್ಪೆಯ ಗುಡ್ಡೆ ಬಿದ್ದಿರುತ್ತದೆ. ಆ ಸಿಪ್ಪೆ, ರೇಷ್ಮೆಯಂಥ ಕೂದಲು ಎರಡನ್ನೂ ಮೊಲ ಚೆನ್ನಾಗಿ ತಿನ್ನುತ್ತದೆ. ನೆಲದ ಮೇಲಿನದು ಬೇಡ, ಆಗಷ್ಟೇ ಸುಲಿದದ್ದು ಕೇಳಿ. ಕಾಳು ಮಾತ್ರ ಕೊಡಬೇಡಿ, ಅದು ಬರೀ ಹಿಟ್ಟು.

ಜೋಳದ ವಿಷಯ ಬೇರೆ. ಚಳಿಗಾಲದಲ್ಲಿ ಪುಣೆಯ ಸುತ್ತ ಹುರಡಾ ಪಾರ್ಟಿಗೆ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕೂಟಕ್ಕೆ, ಹೋದವರು ಹೊಲದಿಂದ ಹಸಿ ಜೋಳದ ಎಲೆ ಹಿಡಿದು ಬರುವುದುಂಟು. ಎಳೆಯ ಜೋಳದ ಪೈರಿನಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರುವ ಕೂಳೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನಮ್ಮ ಊರ ರೈತರಿಗೆ ಇದು ಗೊತ್ತು, ಎತ್ತು ಎಳೆ ಜೋಳಕ್ಕೆ ನುಗ್ಗಿದರೆ ಎದೆ ಹೊಡೆದುಕೊಳ್ಳುತ್ತಾರೆ. ಹಸಿ ಜೋಳದ ಎಲೆ ಮೊಲಕ್ಕೆ ಬೇಡವೇ ಬೇಡ. ಚೆನ್ನಾಗಿ ಒಣಗಿದ ಕಣಿಕೆಯ ಎಲೆ ಅಗಿಯಲು ಪರವಾಗಿಲ್ಲ, ಅದೇ ಊಟ ಆಗಬಾರದು. ಭತ್ತದ ಹುಲ್ಲನ್ನು ಹಾಸಲು ಇಡಿ, ಅದರಲ್ಲಿ ಸತ್ವ ಕಡಿಮೆ.

ಲಸೂಣ್ ಘಾಸ್ ಆರು ತಿಂಗಳ ತನಕ ಮಾತ್ರ. ಅದರಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ತುಂಬಾ. ಬೆಳೆಯುವ ಮರಿಗೆ, ಬಸುರಿ ಮೊಲಕ್ಕೆ ಬೇಕು, ದೊಡ್ಡದಕ್ಕೆ ಬೇಡ. ಐದನೇ ತಿಂಗಳಿಂದ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬೇರೆ ಹುಲ್ಲಿಗೆ ತನ್ನಿ, ಒಮ್ಮೆಲೇ ಬದಲಿಸಬೇಡಿ. ಇಲ್ಲಿ ಮೊಲದ ಒಂದು ವಿಚಿತ್ರ ಹೇಳಬೇಕು. ನಾವು ನೀವು ಕ್ಯಾಲ್ಸಿಯಂ ಬೇಕಾದಷ್ಟೇ ಹೀರಿಕೊಳ್ಳುತ್ತೇವೆ. ಮೊಲ ಹಾಗಲ್ಲ. ಹೊಟ್ಟೆಗೆ ಎಷ್ಟು ಬಂತೋ ಅದಕ್ಕೆ ತಕ್ಕ ಹಾಗೆ ಹೀರಿ, ಮಿಕ್ಕಿದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಅದಕ್ಕೇ ಮೊಲದ ಮೂತ್ರ ಸ್ವಲ್ಪ ಕಲಕು. ಒಣಗಿದ ಮೇಲೆ ಸುಣ್ಣದ ಹಾಗೆ ದಪ್ಪ ಗಸಿ ಕಂಡರೆ ಜಾಸ್ತಿ ಆಯಿತು ಅಂತ ಅರ್ಥ, ಮುಂದೆ ಹರಳು ಆಗಬಹುದು. ನೀರು ಚೆನ್ನಾಗಿ ಕುಡಿಯಲಿ. ಬಾಟಲಿಗಿಂತ ಭಾರದ ಬಟ್ಟಲು ಇಟ್ಟರೆ ಜಾಸ್ತಿ ಕುಡಿಯುತ್ತವೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿ ಅಂತ ಲೆಕ್ಕ ಇಟ್ಟುಕೊಳ್ಳಿ. ಇನ್ನು ಮೂತ್ರ ಕೆಂಪು, ಕಿತ್ತಳೆ ಬಣ್ಣ ಬಂತು ಅಂತ ರಾತ್ರಿ ಫೋನ್ ಮಾಡುವವರಿದ್ದಾರೆ. ಎಷ್ಟೋ ಸಲ ಅದು ತಿಂದ ಸೊಪ್ಪಿನ ಬಣ್ಣ ಅಷ್ಟೆ. ಮೊಲ ತಿಂದುಕೊಂಡು ಓಡಾಡಿಕೊಂಡು ಇದ್ದರೆ ಒಂದು ದಿನ ನೋಡಿ. ಮುಕ್ಕರಿಯುತ್ತಿದ್ದರೆ ಅಥವಾ ಬಣ್ಣ ನಿಲ್ಲದಿದ್ದರೆ ತೋರಿಸಿ.

ಈಗ ಮಾವಶಿಯ ಬುಟ್ಟಿಗೆ ಬರೋಣ.

ಕೊತ್ತಂಬರಿ, ಪುದೀನ, ಶೇಪೂ ಅಂದರೆ ನಮ್ಮ ಸಬ್ಬಸಿಗೆ, ಈ ಮೂರೂ ದಿನಾ ನಡೆಯುತ್ತವೆ. ಮೂಲಂಗಿ ಸೊಪ್ಪು, ಕ್ಯಾರೆಟ್‌ನ ಸೊಪ್ಪು ಒಳ್ಳೆಯವು. ಕ್ಯಾರೆಟ್‌ಗಿಂತ ಅದರ ಸೊಪ್ಪೇ ಮೊಲಕ್ಕೆ ಹಿತ, ಗಡ್ಡೆಯಲ್ಲಿ ಸಕ್ಕರೆ ಜಾಸ್ತಿ. ಬೆರಳಿನ ತುದಿಯಷ್ಟು ಕ್ಯಾರೆಟ್ ವಾರದಲ್ಲಿ ಎರಡು ಸಲ ಬಹುಮಾನದ ಹಾಗೆ ಕೊಡಿ, ಸಾಕು. ಹೂಕೋಸಿನ ಎಲೆ, ನವಿಲುಕೋಸಿನ ಎಲೆ ವಾರಕ್ಕೆ ಎರಡು ಮೂರು ಸಲ, ಮೊದಲ ಸಲ ಒಂದೇ ಎಲೆ, ಯಾಕೆಂದರೆ ಕೆಲವು ಮೊಲಕ್ಕೆ ಹೊಟ್ಟೆ ಉಬ್ಬುತ್ತದೆ. ಎಲೆಕೋಸು ಇನ್ನೂ ಕಡಿಮೆ. ಮೆಂತ್ಯ ಸೊಪ್ಪು ಆಗಾಗ ಒಂದು ಹಿಡಿ. ಪಾಲಕ್, ರಾಜಗಿರಿ, ಬೀಟ್ರೂಟ್ ಸೊಪ್ಪು, ಚಕ್ಕೋತ, ಬಸಳೆ, ಪುಂಡಿ ಸೊಪ್ಪು ಇವೆಲ್ಲದರಲ್ಲಿ ಆಕ್ಸಲೇಟ್ ಅನ್ನುವ ಲವಣ ಇದೆ. ವಿಷ ಅಲ್ಲ, ಆದರೆ ಇವುಗಳಲ್ಲಿ ವಾರಕ್ಕೆ ಯಾವುದಾದರೂ ಒಂದು, ಒಂದೇ ಸಲ. ಒಂದೇ ಸೊಪ್ಪನ್ನು ತಿಂಗಳುಗಟ್ಟಲೆ ಕೊಡುವುದೇ ತಪ್ಪು. ಬೇರೆ ಬೇರೆ ಬಗೆಯ ಎರಡು ಮೂರು ಸೊಪ್ಪು ಬೆರೆಸಿ ಬದಲಿಸುತ್ತಿದ್ದರೆ ಯಾವ ಒಂದು ಅಂಶವೂ ಮೈಯಲ್ಲಿ ಜಮೆಯಾಗುವುದಿಲ್ಲ.

ಲೆಕ್ಕ ಕೇಳಿದರೆ, ದೊಡ್ಡ ಮೊಲಕ್ಕೆ ಕಿಲೋ ತೂಕಕ್ಕೆ ಒಂದು ಕಪ್ ಸೊಪ್ಪು ದಿನಕ್ಕೆ. ನಿಮ್ಮ ಮರಿಗಳಿಗೆ ಈಗಷ್ಟೇ ಶುರು ಮಾಡಬೇಕು. ಒಂದು ಹೊಸ ಸೊಪ್ಪು, ಎರಡು ಎಲೆ, ಎರಡು ದಿನ ಹಿಕ್ಕೆ ನೋಡಿ. ಗುಂಡಗೆ ಒಣಗಿದ್ದರೆ ಮುಂದುವರಿಸಿ. ಮೆತ್ತಗಾದರೆ ನಿಲ್ಲಿಸಿ, ಬರೀ ಹುಲ್ಲು ಹಾಕಿ. ಒಂದೇ ದಿನ ಮೂರು ಹೊಸ ಸೊಪ್ಪು ಹಾಕಿದರೆ ಯಾವುದು ಕೆಡಿಸಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಪೆಲೆಟ್ ದೊಡ್ಡದಾದ ಮೇಲೆ ಕಿಲೋಗೆ 25 ಗ್ರಾಂ ದಾಟಬಾರದು, ಬಟ್ಟಲು ತುಂಬಾ ಹಾಕಿ ಆಫೀಸಿಗೆ ಹೋಗುವ ರೂಢಿ ಬಿಡಿ. ಪೆಲೆಟ್ ಜಾಸ್ತಿ ಆದ ಮೊಲ ತನ್ನ ಮೆತ್ತಗಿನ ಹಿಕ್ಕೆ ತಿನ್ನುವುದಿಲ್ಲ, ಅದು ಹಿಂಬದಿಗೆ ಮೆತ್ತಿಕೊಳ್ಳುತ್ತದೆ. ಪುಣೆಯ ಮಳೆಗಾಲದಲ್ಲಿ ನೊಣ ಅಲ್ಲಿ ಮೊಟ್ಟೆ ಇಟ್ಟು ಹುಳ ಬೀಳುತ್ತದೆ. ಜೀವ ಹೋಗುವ ಕಾಯಿಲೆ ಅದು, ಒಂದು ದಿನದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಎತ್ತಿ ಹಿಂಭಾಗ ನೋಡಿ.

ಪುಕ್ಕಟೆ ಹೂಕೋಸಿನ ಎಲೆಯ ಬಗ್ಗೆ ಒಂದು ಮಾತು. ಹೂಕೋಸಿಗೆ ಹುಳದ ಕಾಟ ಜಾಸ್ತಿ, ಹಾಗಾಗಿ ಔಷಧಿ ಹೊಡೆಯುವುದೂ ಜಾಸ್ತಿ, ಅದರ ಪಾಲು ಹೊರಗಿನ ಎಲೆಗೇ ಬೀಳುತ್ತದೆ. ಮಾವಶಿ ಕಿತ್ತು ಎಸೆಯುವುದೂ ಅದೇ ಎಲೆ. ಹೊರಗಿನ ಎರಡು ಸುತ್ತು ಬಿಟ್ಟು ಒಳಗಿನದು ಕೇಳಿ. ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ತೊಳೆದರೆ ಎಲ್ಲವೂ ಹೋಗುತ್ತದೆ ಅಂತಲ್ಲ, ಕಡಿಮೆ ಆಗುತ್ತದೆ. ಎಲೆ ಒದ್ದೆ ಇದ್ದರೆ ತೊಂದರೆ ಇಲ್ಲ, ಬಾಡಿ ಲೋಳೆ ಬಂದದ್ದು, ಹಳದಿ ತಿರುಗಿದ್ದು, ಬೂಸ್ಟು ಹಿಡಿದದ್ದು ತೊಂದರೆ. ನಮಗೆ ಬೇಡವಾದ ಕೊಳೆತ ಸೊಪ್ಪಿಗೆ ಮೊಲ ಡಸ್ಟ್‌ಬಿನ್ ಅಲ್ಲ ಅಲ್ವಾ.

ಅಡುಗೆಮನೆಯಿಂದ ಇವು ಖಂಡಿತ ಬೇಡ: ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಹೂವಿನ ಕಡ್ಡಿ ಕೂಡ. ಇವು ರಕ್ತದ ಕೆಂಪು ಕಣ ಒಡೆಯುತ್ತವೆ. ಟೊಮೇಟೊ, ಬದನೆ, ಆಲೂಗಡ್ಡೆ ಗಿಡದ ಎಲೆ, ಹಸಿರು ತಿರುಗಿದ ಆಲೂ. ಬೆಣ್ಣೆಹಣ್ಣು, ಅಂದರೆ ಅವಕಾಡೊ. ಕೆಸುವಿನ ಎಲೆ, ಇದನ್ನು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಮಂಗಳೂರಿನವರು ಪತ್ರೊಡೆಗೆ, ಇಲ್ಲಿಯವರು ಅಳೂ ವಡಿಗೆ ತರುವ ಎಲೆ. ನಾವು ಹುಣಸೆ ಹಾಕಿ ಬೇಯಿಸಿ ತಿನ್ನುತ್ತೇವೆ, ಆದರೂ ಒಮ್ಮೊಮ್ಮೆ ಗಂಟಲು ತುರಿಸುತ್ತದೆ. ಹಸಿ ಎಲೆಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಮೊಲದ ಬಾಯಿ ಊದಿಕೊಳ್ಳುತ್ತದೆ.

ಬಾಲ್ಕನಿ ನೋಡೋಣ. ನಿಮ್ಮ ಮನಿಪ್ಲಾಂಟ್‌ನಲ್ಲೂ ಅದೇ ಸೂಜಿ ಹರಳು, ಮೇಲೆ ತೂಗುಹಾಕಿ, ಉದುರಿದ ಎಲೆ ದಿನಾ ತೆಗೆಯಿರಿ. ಡೈಫೆನ್‌ಬೇಕಿಯಾ ಇದ್ದರೆ ಅದೂ ಅಷ್ಟೆ. ಸದಾಪುಷ್ಪದಿಂದ ಕ್ಯಾನ್ಸರ್ ಔಷಧಿ ಮಾಡುತ್ತಾರೆ, ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಅಂತ. ಔಷಧಿ ಗಿಡ ಅಂದ ಮಾತ್ರಕ್ಕೆ ತಿನ್ನುವ ಗಿಡ ಅಲ್ಲ, ಮೊಲದಿಂದ ದೂರ ಇಡಿ. ಲೋಳೆಸರ ಕೂಡ ಬೇಡ, ಸಿಪ್ಪೆಯ ಕೆಳಗಿನ ಹಳದಿ ರಸ ಭೇದಿ ಮಾಡಿಸುತ್ತದೆ. ದಾಸವಾಳ ಧಾರಾಳವಾಗಿ ಕೊಡಿ, ಎಲೆ ಹೂವು ಎರಡೂ, ಮೊಲಕ್ಕೆ ತುಂಬಾ ಇಷ್ಟ. ಆದರೆ ನರ್ಸರಿಯಿಂದ ಹೊಸದಾಗಿ ತಂದ ಗಿಡವಾದರೆ ಹಳೇ ಎಲೆ ಬೇಡ, ಮನೆಯಲ್ಲಿ ಬಂದ ಹೊಸ ಚಿಗುರಿನ ತನಕ ಕಾಯಿರಿ. ತುಳಸಿ ಎರಡು ಮೂರು ಎಲೆ ಸಾಕು. ಬಾಳೆ ಎಲೆ, ಹಿಪ್ಪುನೇರಳೆ ಎಲೆ, ಪೇರಲ ಗಿಡದ ಎಲೆ ಮತ್ತು ಕಡ್ಡಿ, ಬಲಿತ ಬಿದಿರೆಲೆ ಸಿಕ್ಕರೆ ಒಳ್ಳೆಯದು. ಬಿದಿರಿನ ಎಳೆ ಮೊಳಕೆ ಮಾತ್ರ ಬಿಡಿ, ಅದರಲ್ಲೂ ಸಯನೈಡ್ ಅಂಶ ಇದೆ. ನುಗ್ಗೆ ಸೊಪ್ಪು ಸತ್ವದ ಸೊಪ್ಪು, ಕ್ಯಾಲ್ಸಿಯಂ ಜಾಸ್ತಿ, ವಾರಕ್ಕೊಂದು ಚಿಕ್ಕ ಹಿಡಿ.

ಟೇಕಡಿಯ ಹುಲ್ಲಿನ ವಿಷಯದಲ್ಲಿ ನಿಮ್ಮ ಯಜಮಾನರಿಗೆ ಸ್ವಲ್ಪ ಪಾಠ ಬೇಕು. ಮೊದಲ ಮಳೆ ಬಿದ್ದ ಮೇಲೆ ಪುಣೆಯ ಗುಡ್ಡಗಳೆಲ್ಲ ಹಸಿರೋ ಹಸಿರು, ಎಲ್ಲವೂ ಮೇವಿನ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಹುಲ್ಲಿನ ಜೊತೆಗೇ ಘಾಣೇರಿ ಇದೆ, ನಮ್ಮ ಲಂಟಾನ. ಅದು ಈರಲಿ, ಅಂದರೆ ಲಿವರ್, ಕೆಡಿಸುತ್ತದೆ. ಗ್ಲಿರಿಸಿಡಿಯಾ ಮರ ಇದೆ, ನಮ್ಮಲ್ಲಿ ಗೊಬ್ಬರದ ಗಿಡ ಅಂತೀವಿ, ದನ ಆಡು ತಿನ್ನುತ್ತವೆ. ಮರಾಠಿಯಲ್ಲಿ ಅದಕ್ಕೆ ಉಂದೀರ್‌ಮಾರಿ, ಇಲಿ ಕೊಲ್ಲುವ ಗಿಡ ಅಂತ ಹೆಸರು. ಈ ಸಲ ಹೆಸರು ಸುಳ್ಳು ಹೇಳುತ್ತಿಲ್ಲ. ಇನ್ನೊಂದು ಸುಬಾಬುಲ್. ಇದನ್ನು ಮೇವಿನ ಮರ ಅಂತಲೇ ಬೆಳೆಸಿದ್ದಾರೆ, ಹಾಗಾಗಿ ಜನ ನಂಬಿಕೆಯಿಂದ ಕೊಡುತ್ತಾರೆ. ಅದರಲ್ಲಿ ಮಿಮೋಸಿನ್ ಅನ್ನುವ ಅಂಶ ಇದೆ. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿ ಅದನ್ನು ಮುರಿಯುವ ಜೀವಿಗಳು ಇರಬಹುದು, ಮೊಲದ ಹೊಟ್ಟೆಗೆ ಆ ಅನುಕೂಲ ಇಲ್ಲ. ಕೂದಲು ಉದುರುತ್ತದೆ, ತೂಕ ಇಳಿಯುತ್ತದೆ. ದನ ತಿಂದದ್ದನ್ನೆಲ್ಲ ಮೊಲ ತಿನ್ನಬಹುದು ಅನ್ನುವ ಲೆಕ್ಕ ಇಲ್ಲೇ ಕೈಕೊಡುತ್ತದೆ. ಇವಲ್ಲದೆ ಎಕ್ಕ, ಹರಳೆಣ್ಣೆಯ ಗಿಡ, ದತ್ತೂರಿ, ಗುಲಗಂಜಿ, ಕಣಗಿಲೆ. ಹೆದ್ದಾರಿ ನಡುವೆ ಗುಲಾಬಿ ಬಣ್ಣದ ಹೂವು ಬಿಟ್ಟು ಸಾಲಾಗಿ ನಿಂತಿರುತ್ತದಲ್ಲ, ಅದೇ ಕಣಗಿಲೆ. ಅದರ ನಾಲ್ಕು ಎಲೆ ಮೊಲದ ಹೃದಯ ನಿಲ್ಲಿಸಲು ಸಾಕು ಅಂತ ತಿಳಿದು ಎಚ್ಚರ ಇರಿ.

ಹಾಗಾಗಿ ಕೀಳುವಾಗ ಬರೀ ಹುಲ್ಲು, ಉದ್ದ ಗರಿಯ ಹುಲ್ಲು ಮಾತ್ರ ಕೀಳಲು ಹೇಳಿ. ಅಗಲ ಎಲೆಯದು ಯಾವುದೂ ಬೇಡ. ರಸ್ತೆ ಅಂಚು, ನಾಯಿ ತಿರುಗಾಡುವ ಜಾಗ, ಗಟಾರದ ದಂಡೆ ಬಿಟ್ಟು ಕೀಳಲಿ. ಮನೆಗೆ ತಂದ ಮೇಲೆ ಹರಡಿ ಕಣ್ಣಾಡಿಸಿ. ಸೊಸೈಟಿಯ ಲಾನ್ ಯಂತ್ರದಿಂದ ಕತ್ತರಿಸಿದ ಹುಲ್ಲಿನ ಪುಡಿ ಬೇಡ, ರಾಶಿಯಲ್ಲೇ ಬಿಸಿಯಾಗಿ ಹುಳಿಯುತ್ತದೆ. ಕಳೆನಾಶಕ, ಸೊಳ್ಳೆ ಔಷಧಿ ಯಾವಾಗ ಹೊಡೆಯುತ್ತಾರೆ ಅಂತ ಅದೇ ಮಾಲಿಯನ್ನು ಕೇಳಿ ಇಟ್ಟುಕೊಳ್ಳಿ, ಆತ ಈ ವಿಷಯಕ್ಕೆ ತುಂಬಾ ಉಪಯೋಗ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಹುಲ್ಲು ಜಾಸ್ತಿ ಸಿಕ್ಕರೆ ನೆರಳಿನಲ್ಲಿ ಗರಿಗರಿ ಆಗುವ ತನಕ ಒಣಗಿಸಿ ಬಟ್ಟೆ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಸ್ಟು ಗ್ಯಾರಂಟಿ.

ಈಗ ಹಬ್ಬದ ಪತ್ರೆ. ನೀವು ಇದನ್ನು ಕೇಳಿದ್ದು ಒಳ್ಳೆಯದಾಯಿತು. ಗಣಪತಿಗೆ ಏರಿಸುವ 21 ಪತ್ರೆಯ ಶಾಸ್ತ್ರದ ಪಟ್ಟಿ ತೆಗೆದು ನೋಡಿ. ಗರಿಕೆ ಇದೆ, ತುಳಸಿ ಇದೆ, ಅದರ ಪಕ್ಕದಲ್ಲೇ ದತ್ತೂರಿ, ಎಕ್ಕ, ಕಣಗಿಲೆ ಇವೆ. ಮಂಡಿಯಲ್ಲಿ ಮಾರುವ ಕಟ್ಟಿನಲ್ಲಿ ಪಟ್ಟಿಯಲ್ಲಿ ಇರುವುದಷ್ಟೇ ಇರುತ್ತದೆ ಅಂತಲೂ ಇಲ್ಲ, ಕೈಗೆ ಸಿಕ್ಕ ಸೊಪ್ಪು ಸೇರಿಸಿ ಕಟ್ಟುತ್ತಾರೆ. ಪೂಜೆ ಆದ ಮೇಲೆ ಎಲೆ ಬಾಡಿ ಮಡಚಿಕೊಂಡಾಗ ಯಾವುದು ಏನು ಅಂತ ನನಗೂ ಹೇಳಲು ಕಷ್ಟ. ಮೇಲೆ ಕುಂಕುಮ, ಎಣ್ಣೆ, ಕರ್ಪೂರದ ಮಸಿ ಬೇರೆ. ನಿರ್ಮಾಲ್ಯವನ್ನು ಮೊಲಕ್ಕೆ ಹಾಕುವುದು ಪುಣ್ಯ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬೇಡ ಅನ್ನಿ. ಶನಿವಾರ ಮಾರುತಿಗೆ ಹಾಕುವ ಎಕ್ಕದ ಎಲೆಯ ಮಾಲೆಯೂ ಹಾಗೇ. ಸೇವಂತಿಗೆ, ಚೆಂಡುಹೂವು ಮಾರುಕಟ್ಟೆಯದು ಬೇಡ, ಔಷಧಿ ಹೊಡೆದೇ ಬೆಳೆದಿರುತ್ತಾರೆ. ಮೊಲಕ್ಕೆ ಹಬ್ಬ ಮಾಡಬೇಕು ಅನ್ನಿಸಿದರೆ ಪೂಜೆಗೆ ಮೊದಲೇ ಗರಿಕೆ ಬೇರೆ ತೆಗೆದಿಟ್ಟು ತೊಳೆದು ಕೊಡಿ. ಮೋದಕ ನೀವು ತಿನ್ನಿ.

'ನಮ್ಮ ಮೊಲ ದತ್ತೂರಿ ತಿಂದಿತ್ತು, ಏನೂ ಆಗಲಿಲ್ಲ' ಅಂತ ಹೇಳುವವರು ಸಿಗುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಕೆಲವು ಮೊಲಗಳ ರಕ್ತದಲ್ಲಿ, ದತ್ತೂರಿಯಲ್ಲಿ ಇರುವ ಅಟ್ರೊಪಿನ್ ಅನ್ನುವ ವಿಷವನ್ನು ಒಡೆಯುವ ಒಂದು ಕಿಣ್ವ ಹುಟ್ಟಿನಿಂದಲೇ ಇರುತ್ತದೆ. ದತ್ತೂರಿಯ ಜಾತಿಯ ವಿಷವನ್ನು ಅವು ಅರಗಿಸಿಕೊಳ್ಳುತ್ತವೆ. ನಿಮ್ಮ ಮೊಲಕ್ಕೆ ಅದು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ, ಎರಡರಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಒಬ್ಬರ ಮೊಲ ಬದುಕಿತು ಅನ್ನುವುದು ಇನ್ನೊಬ್ಬರ ಮೊಲಕ್ಕೆ ಪುರಾವೆ ಆಗುವುದಿಲ್ಲ.

ಇನ್ನೊಂದು ಮಾತು, ಪ್ರಾಣಿಗೆ ಯಾವುದು ವಿಷ ಅಂತ ತಾನೇ ಗೊತ್ತಿರುತ್ತದೆ, ಹೊಲದ ಮೊಲಕ್ಕೆ ಯಾರು ಪಟ್ಟಿ ಕೊಟ್ಟಿದ್ದಾರೆ ಅಂತ. ನಮ್ಮ ಹೊಲದಲ್ಲಿ ಓಡುವ ಕಾಡುಮೊಲ ಬೇರೆ ಪ್ರಾಣಿ, ನೀವು ಸಾಕಿದ್ದು ಯುರೋಪಿನ ಮೂಲದ ಮೊಲ. ಕಾಡುಮೊಲವನ್ನು ಹಿಡಿದು ಸಾಕುವಂತೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅದು ನೂರು ಗಿಡದ ನಡುವೆ ಆರಿಸಿ ತಿನ್ನುತ್ತದೆ. ನಿಮ್ಮದು ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಹೊತ್ತು ಹೋಗದೆ ಎದುರಿಗೆ ಇರುವ ಒಂದೇ ಮನಿಪ್ಲಾಂಟ್ ಕಡಿಯುತ್ತದೆ. ಬೇಸರಕ್ಕೆ ಕಡಿಯುವ ಪ್ರಾಣಿ ರುಚಿ ನೋಡಿ ಬಿಡುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕಿಂತ ಮುಖ್ಯ ಅಂದರೆ ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ದೇಹದ ರಚನೆಯೇ ಹಾಗೆ. ತಿಂದದ್ದು ಒಳಗೇ ಹೋಗಬೇಕು.

ಆದ್ದರಿಂದ ತಪ್ಪು ಗಿಡ ತಿಂದದ್ದು ಕಂಡರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಓಂಕಾಳಿನ ನೀರು, ಎಣ್ಣೆ, ಹಾಲು ಏನೂ ಬೇಡ. ಬಾಯಲ್ಲಿ ಉಳಿದದ್ದು ತೆಗೆಯಿರಿ, ಹುಲ್ಲು ನೀರು ಮುಂದಿಡಿ, ಗಿಡದ ಒಂದು ಟೊಂಗೆ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೊರಡಿ. ಗಿಡ ಗೊತ್ತಿಲ್ಲದಿದ್ದರೂ ಮೊಲ ಮೂಲೆಯಲ್ಲಿ ಮುದುಡಿ ಕೂತರೆ, ಹಲ್ಲು ಕಟಕಟ ಕಡಿಯುತ್ತಿದ್ದರೆ, ಕಿವಿ ತಣ್ಣಗಾದರೆ, ಹಿಕ್ಕೆ ಸಣ್ಣದಾಗುತ್ತಾ ನಿಂತೇಹೋದರೆ ಕಾಯಬೇಡಿ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದ ಮೊಲ ತುರ್ತು ಕೇಸು, ನಾಳೆ ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕೊಡುವವರಿದ್ದಾರೆ. ಬಾಯಿಗೆ ಹಾಕಿದ ಆ ಜಾತಿಯ ಔಷಧಿ ಸೀಕಂನ ಜೀವಿಗಳನ್ನು ಕೊಂದು ಮೊಲವನ್ನೇ ಕೊಲ್ಲಬಹುದು. ಉಣ್ಣೆ, ಚಿಗಟಕ್ಕೆ ಅಂತ ನಾಯಿಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ.

ಪುಣೆಯಲ್ಲಿ ಪ್ರಾಣಿ ಕ್ಲಿನಿಕ್‌ಗಳು ಬೇಕಾದಷ್ಟಿವೆ, ಬಹಳ ಕಡೆ ನಾಯಿ ಬೆಕ್ಕು ಮಾತ್ರ ನೋಡುತ್ತಾರೆ. ಮೊಲ ನೋಡುತ್ತೀರಾ, ರಾತ್ರಿ ಹೊತ್ತು ಯಾರಿರುತ್ತಾರೆ ಅಂತ ವಾಕಡ್, ಬಾಣೇರ್ ಕಡೆಯ ಎರಡು ಮೂರು ಕಡೆ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಫ್ರಿಜ್ ಮೇಲೆ ಅಂಟಿಸಲು ಒಂದು ಚೀಟಿ ಬೇಕು ಅಂದಿರಲ್ಲ, ಆ ನಂಬರನ್ನೇ ಬರೆದು ಅಂಟಿಸಿ.